53-ಎನ್ ಸೀಸೆ ಮತ್ತು ಸಾಲಿನ ಕೊನೆಯವರು

ಹೋದ ಭಾನುವಾರ ಪೌರಕಾರ್ಮಿಕರ ಸಭೆ ಮುಗಿದ ಮೇಲೆ ಒಬ್ಬ ಅಕ್ಕ ನನ್ನ ಹತ್ರ ಬಂದು ಬಲಗೈ ಹೆಬ್ಬೆರಳು ತೋರಿಸಿದ್ರು. ಕಸದ ಚೀಲ ಎತ್ತುವಾಗ ಒಳಗಿದ್ದ ಇಂಜೆಕ್ಷನ್ ಸೂಜಿ ಚುಚ್ಚಿತ್ತು. ಚುಚ್ಚಿ ಆಗಲೇ ಒಂದೂವರೆ ದಿನ ಆಗಿತ್ತು. "ಮೇಸ್ತ್ರಿಗೆ ಹೇಳ್ದೆ ಕಣಣ್ಣ. ಗ್ಲೌಸ್ ಹಾಕ್ಕೊಳ್ಳೋಕೆ ಏನಾಗಿತ್ತು ನಿಂಗೆ ಅಂತ ನನಗೇ ಬೈದ" ಅಂದ್ರು. ಅವರಿಗೆ ಕೊಟ್ಟಿದ್ದ ಗ್ಲೌಸ್ ಹರಿದು ಮೂರು ತಿಂಗಳಾಗಿತ್ತು.

ಆ ಅಕ್ಕನ್ನ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಏನಾಯ್ತು ಅಂತ ಕೊನೆಯಲ್ಲಿ ಹೇಳ್ತೀನಿ. ಆದ್ರೆ ಮೇಸ್ತ್ರಿಯ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಸೂಜಿ ಆ ಚೀಲದೊಳಗೆ ಹೇಗೆ ಬಂತು, ಯಾವ ಕ್ಲಿನಿಕ್‌ನವರು ಎಸೆದ್ರು ಅಂತ ಅವನು ಕೇಳಲಿಲ್ಲ. ನಿನ್ನ ಕೈ ಯಾಕೆ ಅಲ್ಲಿತ್ತು ಅಂತ ಕೇಳಿದ. ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸ ಇದೆ ಬಂಧುಗಳೇ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಎರಡೇ ವರ್ಷದಲ್ಲಿ, 1898ರಲ್ಲಿ, ಹುಬ್ಬಳ್ಳಿಗೂ ಬೆಂಗಳೂರಿಗೂ ಬಂತು. ಇವತ್ತು ಮಲ್ಲೇಶ್ವರ, ಬಸವನಗುಡಿಯಲ್ಲಿ ಗಾಳಿ ಬೆಳಕು ಇರೋ ಅಗಲ ರಸ್ತೆಗಳನ್ನ ನೋಡ್ತೀವಲ್ಲ, ಆ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಪ್ಲೇಗಿನ ಭಯ ಇದೆ. ನಮ್ಮ ಅಜ್ಜಿಯರು ಪ್ಲೇಗಮ್ಮ ಅಂತ ಕೈ ಮುಗಿದದ್ದು ಇದೇ ರೋಗಕ್ಕೆ.

ಆಗ ಬೊಂಬಾಯಿಯಲ್ಲಿ ವಾಲ್ಡೆಮರ್ ಹಾಫ್‌ಕಿನ್ ಅನ್ನೋ ವಿಜ್ಞಾನಿ ಇದ್ದರು. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ 1893ರಲ್ಲಿ ಇಂಡಿಯಾಕ್ಕೆ ಬಂದವರು. ಸರ್ಕಾರ ಅವರನ್ನ ಪ್ಲೇಗಿನ ಕೆಲಸಕ್ಕೆ ಕರೆಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಕೂತು ಪ್ಲೇಗ್ ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. ಆಮೇಲೆ ಬೈಕುಲಾ ಜೈಲಿನ ಕೈದಿಗಳಿಗೆ ಕೊಟ್ಟರು. ವಿಜ್ಞಾನಿ ತನ್ನ ಮೈಯಿಂದ ಶುರು ಮಾಡಿದ್ದು ದೊಡ್ಡ ಮಾತು. ಎರಡನೇ ಸರದಿ ಜೈಲಿನವರದ್ದು ಆಗಿತ್ತು ಅನ್ನೋದನ್ನೂ ನಾವು ನೆನಪಿಟ್ಟುಕೊಳ್ಳಬೇಕು.

ಅದಾಗಿ ಸರಿಯಾಗಿ ಎರಡು ತಿಂಗಳಿಗೆ, 1897ರ ಮಾರ್ಚ್ 10ರಂದು, ಪುಣೆಯಲ್ಲಿ ನಮ್ಮ ತಾಯಿ ಸಾವಿತ್ರಿಬಾಯಿ ಫುಲೆ ಅದೇ ಪ್ಲೇಗಿಗೆ ಬಲಿಯಾದರು. ಮಗ ಡಾಕ್ಟರ್ ಯಶವಂತ ಊರಾಚೆ ನಡೆಸುತ್ತಿದ್ದ ಆಸ್ಪತ್ರೆಗೆ, ಮುಂಢ್ವಾದ ಮಹಾರ್ ಕೇರಿಯ ರೋಗಿ ಹುಡುಗನನ್ನ ಬೆನ್ನ ಮೇಲೆ ಹೊತ್ತುಕೊಂಡು ಬಂದು, ಆ ರೋಗ ತಮಗೂ ಅಂಟಿಸಿಕೊಂಡರು. ಕೇರಿಯ ಹುಡುಗನನ್ನ ಮುಟ್ಟೋಕೆ ಜನ ಹೆದರುತ್ತಿದ್ದ ಕಾಲ ಅದು. ಲಸಿಕೆ ಆ ಕೇರಿಯ ತನಕ ಬರೋದಕ್ಕೆ ಮುಂಚೆ ಒಬ್ಬ ತಾಯಿ ಬಂದಿದ್ದರು.

ಲಸಿಕೆಯಿಂದ ಉಪಯೋಗ ಆಯಿತು, ಅದರಲ್ಲಿ ಅನುಮಾನ ಇಲ್ಲ. ನಮ್ಮ ಹುಬ್ಬಳ್ಳಿಯಲ್ಲೇ 1898ರಲ್ಲಿ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಬೇಡಿಕೆ ಏರ್ತಾ ಹೋಯ್ತು. 1902ರಲ್ಲಿ ಪಂಜಾಬ್ ಸರ್ಕಾರ ಲಕ್ಷಗಟ್ಟಲೆ ಜನಕ್ಕೆ ಲಸಿಕೆ ಹಾಕೋ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿತು.

ಆ ವರ್ಷ ಅಕ್ಟೋಬರ್ 30ರಂದು ಮುಲ್ಕೋವಾಲ್ ಅನ್ನೋ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಈ ಹಳ್ಳಿ ಈಗ ಪಾಕಿಸ್ತಾನದ ಪಂಜಾಬಿನಲ್ಲಿದೆ. ಒಂದು ವಾರ ಕಳೆಯಿತು. ಕೆಲವರ ದವಡೆ ಕಚ್ಚಿಕೊಳ್ಳೋಕೆ ಶುರುವಾಯ್ತು, ಮೈ ಬಿಲ್ಲಿನ ಹಾಗೆ ಸೆಟೆಯಿತು. ಧನುರ್ವಾಯು. 19 ಜನರಿಗೆ ಬಂತು, 19 ಜನರೂ ಸತ್ತರು. ಉಳಿದ 88 ಜನಕ್ಕೆ ಏನೂ ಆಗಲಿಲ್ಲ.

ಯಾಕೆ ಹೀಗೆ? ಸತ್ತವರೆಲ್ಲರಿಗೂ ಲಸಿಕೆ ಹೋಗಿದ್ದು ಒಂದೇ ಸೀಸೆಯಿಂದ. ಆ ಸೀಸೆಯ ನಂಬರ್ 53-ಎನ್.

ನಾನು ಗುಮಾಸ್ತ. ದಿನಾ ನಂಬರ್ ಹಾಕೋದು, ರಿಜಿಸ್ಟರ್ ತುಂಬೋದು ನನ್ನ ಕೆಲಸ. ಅದಕ್ಕೇ ನನಗೆ ಈ ಕಥೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಆ ನಂಬರ್. ಪ್ರತಿ ಸೀಸೆಗೆ ನಂಬರ್ ಇತ್ತು. ಯಾರಿಗೆ ಯಾವ ಸೀಸೆಯಿಂದ ಚುಚ್ಚಿದ್ದು ಅಂತ ಬರೆದಿಟ್ಟಿದ್ದರು. ಬರೆದಿಟ್ಟಿದ್ದರಿಂದ ತಾನೇ ಸತ್ಯ ಹುಡುಕೋಕೆ ಒಂದು ದಾರಿ ಸಿಕ್ಕಿದ್ದು? ಈ ಮಾತನ್ನ ಇಲ್ಲೇ ಇಟ್ಟಿರಿ, ಮತ್ತೆ ಬರ್ತೀನಿ.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಲಾರೆನ್ಸ್ ಜೆಂಕಿನ್ಸ್ ಅದರ ಮುಖ್ಯಸ್ಥ. ಸೀಸೆ ತೆರೆಯೋದಕ್ಕೆ ಮುಂಚೆಯೇ, ಅಂದರೆ ಹಾಫ್‌ಕಿನ್ ಪ್ರಯೋಗಾಲಯದಲ್ಲೇ, ವಿಷಾಣು ಸೇರಿತ್ತು ಅಂತ ಆಯೋಗ ತೀರ್ಮಾನಿಸಿತು. ಹಾಫ್‌ಕಿನ್ ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸೋದನ್ನ ಬಿಟ್ಟು, ಬರೀ ಶಾಖದಿಂದ ಕ್ರಿಮಿ ಕೊಲ್ಲೋ ವಿಧಾನಕ್ಕೆ ಬದಲಾಯಿಸಿದ್ದರು. ಪ್ಯಾರಿಸ್ಸಿನಲ್ಲಿ ಆಗಲೇ ನಡೆಯುತ್ತಿದ್ದ ವಿಧಾನ ಅದು. ಆದರೂ ಇದೇ ತಪ್ಪು ಅಂದರು. ನಿರ್ದೇಶಕನ ಸ್ಥಾನದಿಂದ ಇಳಿಸಿದರು. 1904ರಲ್ಲಿ ಅವರು ದೇಶ ಬಿಟ್ಟರು. ಬ್ರಿಟಿಷ್ ಅಧಿಕಾರಿಗಳ ನಡುವೆ ಅವರು ರಷ್ಯಾದಿಂದ ಬಂದ ಯಹೂದಿ, ಅವರ ಮೆಡಿಕಲ್ ಸರ್ವಿಸಿನ ಒಳಗಿನವನಲ್ಲ. ಹೊರಗಿನವನ ಮೇಲೆ ತಪ್ಪು ಹೊರಿಸೋದು ಎಷ್ಟು ಸುಲಭ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಪೂರ್ಣ ದಾಖಲೆ ಹೊರಗೆ ಬರೋಕೆ ನಾಲ್ಕೈದು ವರ್ಷ ಹಿಡಿಯಿತು. ಬಂದಾಗ ಅದರಲ್ಲಿ ಒಂದು ಸಣ್ಣ ಸಂಗತಿ ಇತ್ತು. ಅವತ್ತು ಮುಲ್ಕೋವಾಲ್‌ನಲ್ಲಿ ಸೀಸೆಯ ಬಿರಡೆ ತೆಗೆಯೋ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅವನು ಅದನ್ನ ಎತ್ತಿ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅಲ್ಲಾಡಿಸಿ, ಅದರಲ್ಲೇ 53-ಎನ್ ಬಿರಡೆ ತೆಗೆದಿದ್ದ. ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತೆ. ಅದರ ಬೀಜಕಣ ಗಟ್ಟಿ, ಔಷಧಿ ನೀರಿನಲ್ಲಿ ಒಂದು ಸಲ ಅದ್ದಿದರೆ ಸಾಯಲ್ಲ. ಬೆಂಕಿಗೆ ಹಿಡಿಯಬೇಕು.

ರೊನಾಲ್ಡ್ ರಾಸ್ ಈ ಪ್ರಶ್ನೆ ಎತ್ತಿಕೊಂಡರು. ಮಲೇರಿಯಾಕ್ಕೂ ಸೊಳ್ಳೆಗೂ ಇರೋ ನಂಟು ತೋರಿಸಿ 1902ರಲ್ಲಿ ನೊಬೆಲ್ ಪಡೆದವರು. ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲಿ ಕಾಲರಾ ತಡೆಯೋ ನೈರ್ಮಲ್ಯದ ಕೆಲಸ ಮಾಡಿದವರು. ಅವರ ಕಡೆಯವರ ವಾದ ಸರಳ. ಲಸಿಕೆ ಪ್ರಯೋಗಾಲಯದಲ್ಲೇ ಕೆಟ್ಟಿದ್ದರೆ, ಅಷ್ಟು ದಿನ ಮುಚ್ಚಿದ ಸೀಸೆಯಲ್ಲಿ ಕ್ರಿಮಿ ಬೆಳೆದು ವಾಸನೆ ಬರಬೇಕಿತ್ತು, ಚುಚ್ಚಿದ ಕೂಡಲೇ ರೋಗ ಕಾಣಿಸಬೇಕಿತ್ತು. ತೆರೆದಾಗ ಕೆಟ್ಟ ವಾಸನೆ ಇರಲಿಲ್ಲ, ರೋಗ ಕಾಣಿಸಿಕೊಂಡದ್ದು ವಾರದ ಮೇಲೆ. ಹಾಗಾದ್ರೆ ಕೊಳೆ ಸೇರಿದ್ದು ಅದೇ ದಿನ, ಅದೇ ಹಳ್ಳಿಯಲ್ಲಿ. 1907ರ ಜುಲೈನಲ್ಲಿ ಹತ್ತು ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು. ಆ ವರ್ಷದ ಕೊನೆಗೆ ಹಾಫ್‌ಕಿನ್ ಹೆಸರಿಗೆ ಅಂಟಿದ್ದ ಕಳಂಕ ಹೋಯಿತು. ಇಂಡಿಯಾಕ್ಕೆ ವಾಪಸ್ ಬಂದರು, ಆದರೆ ಕಲ್ಕತ್ತಕ್ಕೆ. ತಾವು ಕಟ್ಟಿದ ಬೊಂಬಾಯಿ ಪ್ರಯೋಗಾಲಯ ಮತ್ತೆ ಅವರ ಕೈಗೆ ಬರಲಿಲ್ಲ. 1925ರಲ್ಲಿ ಅದೇ ಸಂಸ್ಥೆಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅಂತ ಹೆಸರಿಟ್ಟರು. 1930ರಲ್ಲಿ ಅವರು ತೀರಿಕೊಂಡರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತೆ. ಅನ್ಯಾಯಕ್ಕೊಳಗಾದ ವಿಜ್ಞಾನಿ, ಕೊನೆಗೆ ಸಿಕ್ಕ ನ್ಯಾಯ. ನನಗೆ ಮುಗಿದ ಹಾಗೆ ಅನ್ನಿಸಲಿಲ್ಲ. ತಪ್ಪು ದೊಡ್ಡವರ ತಲೆಯಿಂದ ಇಳಿದು ಎಲ್ಲಿಗೆ ಹೋಯ್ತು? ಇಕ್ಕಳ ಬೀಳಿಸಿದ ಸಹಾಯಕನ ತಲೆಗೆ. ಅವನಿಗೆ ಬೆಂಕಿಗೆ ಹಿಡಿಯೋದನ್ನ ಯಾರಾದ್ರೂ ಕಲಿಸಿದ್ರಾ? ಅವನ ಹತ್ರ ಎರಡನೇ ಇಕ್ಕಳ ಇತ್ತಾ? ಲಕ್ಷಗಟ್ಟಲೆ ಜನಕ್ಕೆ ಬೇಗ ಚುಚ್ಚಿ ಮುಗಿಸಬೇಕು ಅಂತ ಮೇಲಿನಿಂದ ಎಷ್ಟು ಒತ್ತಡ ಇತ್ತು? ಮತ್ತೆ ಆ 19 ಜನ? ನಾನು ಓದಿದ ಪುಟಗಳಲ್ಲೆಲ್ಲ ಅವರು '19 ಜನ' ಅಷ್ಟೇ. ಸೀಸೆಗೆ ನಂಬರ್ ಇದೆ, ವಿಜ್ಞಾನಿಗೆ ಹೆಸರಿದೆ, ಸತ್ತವರು ಒಂದು ಲೆಕ್ಕ.

ಈಗ ನನ್ನ ಬಾಲ್ಯಕ್ಕೆ ಬರ್ತೀನಿ. ಎಂಬತ್ತರ ದಶಕ. ಜಾತ್ರೆಗೆ ಮುಂಚೆ ನಮ್ಮೂರ ಸ್ಕೂಲಿಗೆ ಸೂಜಿ ಹಾಕೋರು ಬರ್ತಿದ್ರು. ಗಾಜಿನ ಸಿರಿಂಜು, ಉಕ್ಕಿನ ಸೂಜಿ, ಸೀಮೆಣ್ಣೆ ಸ್ಟೌ ಮೇಲೆ ಕುದಿಯೋ ನೀರಿನ ಡಬ್ಬಿ. ಬೆಳಿಗ್ಗೆ ಒಂದು ಸಲ ಕುದಿಸ್ತಿದ್ರು. ಆಮೇಲೆ ಸ್ಪಿರಿಟ್ ಹತ್ತಿಯಲ್ಲಿ ಒರೆಸೋದು, ಮುಂದಿನ ಹುಡುಗನಿಗೆ ಚುಚ್ಚೋದು. ಮೇಷ್ಟ್ರು ಸಾಲು ನಿಲ್ಲಿಸ್ತಿದ್ರು. ಊರಿನ ಮಕ್ಕಳು ಮುಂದೆ, ನಮ್ಮ ಕೇರಿ ಮಕ್ಕಳು ಕೊನೆಗೆ. ನಮ್ಮ ಸರದಿ ಬರೋ ಹೊತ್ತಿಗೆ ಸೂಜಿ ಮೊಂಡಾಗಿರ್ತಿತ್ತು. ಚುಚ್ಚಿದ್ರೆ ಚರ್ಮ ಒಳಗೆ ತಗ್ಗಾಗಿ ಆಮೇಲೆ ಹರಿಯೋದು. ನಾವು ಅತ್ರೆ "ಇವರದ್ದು ದಪ್ಪ ಚರ್ಮ" ಅಂತ ನಗ್ತಿದ್ರು.

ಆ ಸ್ಕೂಲಿನಲ್ಲಿ ನಮಗೆ ನೀರಿನ ಲೋಟ ಬೇರೆ, ಕೂರೋ ಜಾಗ ಬೇರೆ. ಸೂಜಿ ಮಾತ್ರ ಎಲ್ಲರಿಗೂ ಒಂದೇ! ನಮ್ಮನ್ನ ಕೊನೆಗೆ ನಿಲ್ಲಿಸಿದ್ದರಿಂದ ಮುಂದಿದ್ದ ಅಷ್ಟೂ ಮಕ್ಕಳ ರಕ್ತದಲ್ಲಿ ಏನಿತ್ತೋ ಅದು ನಮ್ಮ ತೋಳಿಗೆ ಬರೋ ದಾರಿ ಇತ್ತು. ನಮ್ಮದು ಅವರಿಗೆ ಹೋಗೋ ದಾರಿ ಇರಲಿಲ್ಲ. ಯಾರೂ ಹೀಗೆ ಲೆಕ್ಕ ಹಾಕಿ ನಿಲ್ಲಿಸಲಿಲ್ಲ, ಒಪ್ಪಿಕೊಳ್ತೀನಿ. ಜಾತಿಗೆ ಲೆಕ್ಕ ಹಾಕೋ ಅಗತ್ಯವೇ ಇಲ್ಲ, ಅಭ್ಯಾಸ ಸಾಕು.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆ ಅಲ್ಲಿನ ಸವರ್ಣೀಯರು ಕೆರೆಯನ್ನ 'ಶುದ್ಧ' ಮಾಡಿದ್ದು ಹೇಗೆ ಅಂತ ನಮಗೆಲ್ಲ ಗೊತ್ತಿದೆ. ಸಗಣಿ, ಗಂಜಲ, ಹಾಲು, ಮೊಸರು ಕಲಸಿ 108 ಕೊಡ ಸುರಿದರು. ಮನುಷ್ಯ ಮುಟ್ಟಿದ್ದನ್ನ ಮೈಲಿಗೆ ಅಂದವರು ಸಗಣಿಯನ್ನ ಮಡಿ ಅಂದರು. ಧನುರ್ವಾಯುವಿನ ಕ್ರಿಮಿ ಎಲ್ಲಿರುತ್ತೆ ಅಂತ ಈಗಷ್ಟೇ ಹೇಳಿದೆ. ಮಡಿ ಬೇರೆ, ಶುಚಿ ಬೇರೆ. ಮಡಿ ಯಾರು ಮುಟ್ಟಿದ್ರು ಅಂತ ನೋಡುತ್ತೆ. ಶುಚಿ ಏನು ಕುದಿಸಿದ್ರಿ, ಎಷ್ಟು ಹೊತ್ತು ಕುದಿಸಿದ್ರಿ ಅಂತ ನೋಡುತ್ತೆ. ಮಡಿಗೆ ಸಾವಿರ ನಿಯಮ ಇಟ್ಟುಕೊಂಡ ಸಮಾಜ ಒಂದು ಸೂಜಿ ಕುದಿಸೋಕೆ ನಿಯಮ ಪಾಲಿಸಲಿಲ್ಲ.

ನಮ್ಮ ಚಿಕ್ಕಪ್ಪನ ಮಾತು ಹೇಳದೇ ಇದ್ರೆ ಈ ಬರಹ ಅರ್ಧ. ಅವರು ತೊಂಬತ್ತರ ದಶಕದಲ್ಲಿ ಒಂದು ಆಸ್ಪತ್ರೆಯಲ್ಲಿ ದಿನಗೂಲಿ ಮೇಲೆ ಗುಡಿಸೋ ಕೆಲಸ ಮಾಡ್ತಿದ್ರು. ಬರಿಗೈಯಲ್ಲಿ ಬಕೆಟ್ ಎತ್ತೋರು. ಸೂಜಿ ಚುಚ್ಚೋದು ಅವರಿಗೆ ಮುಳ್ಳು ಚುಚ್ಚಿದ ಹಾಗೆ. ಬೆರಳು ಬಾಯಲ್ಲಿಟ್ಟು ಚೀಪಿ, ಉಗಿದು, ಮತ್ತೆ ಕೆಲಸ. ಕೆಲವು ವರ್ಷ ಆದ ಮೇಲೆ ಕಣ್ಣು ಹಳದಿ ಆಯ್ತು, ಹೊಟ್ಟೆಯಲ್ಲಿ ನೀರು ತುಂಬಿತು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಅಂದ್ರು. ನಲವತ್ತೆಂಟು ದಾಟಲಿಲ್ಲ. ಊರಲ್ಲಿ ಎಲ್ಲರೂ "ಕುಡೀತಿದ್ದ, ಅದಕ್ಕೇ ಹೋದ" ಅಂದ್ರು. ಕುಡೀತಿದ್ದದ್ದು ಸುಳ್ಳಲ್ಲ. ಆದ್ರೆ ಹೆಪಟೈಟಿಸ್ ಬಿ ಹೆಂಡದಿಂದ ಬರೋ ರೋಗ ಅಲ್ಲ.

ಆಸ್ಪತ್ರೆಯ ಸೂಜಿಯಿಂದಲೇ ಬಂತು ಅಂತ ನಾನು ಸಾಬೀತು ಮಾಡಲಾರೆ. ಯಾಕೆ ಗೊತ್ತಾ? ಚಿಕ್ಕಪ್ಪನಿಗೆ ಯಾವತ್ತು, ಯಾವ ವಾರ್ಡಿನಲ್ಲಿ, ಯಾವ ಸೂಜಿ ಚುಚ್ಚಿತು ಅಂತ ಬರೆಯೋ ಪುಸ್ತಕವೇ ಅಲ್ಲಿರಲಿಲ್ಲ. 53-ಎನ್ ಅಂತ ಒಂದು ನಂಬರ್ ಇದ್ದದ್ದಕ್ಕೆ ಹಾಫ್‌ಕಿನ್ ಪರವಾಗಿ ಹತ್ತು ವಿಜ್ಞಾನಿಗಳು ವಾದ ಮಾಡೋಕೆ ಆಯ್ತು. ಚಿಕ್ಕಪ್ಪನ ಪರವಾಗಿ ವಾದ ಮಾಡೋಕೆ ನನ್ನ ಹತ್ರ ಒಂದು ಚೀಟಿಯೂ ಇಲ್ಲ.

ಇದು ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2000ನೇ ಇಸವಿ ಒಂದರಲ್ಲೇ ಜಗತ್ತಿನಲ್ಲಿ ಅಸುರಕ್ಷಿತ ಇಂಜೆಕ್ಷನ್‌ನಿಂದ 2 ಕೋಟಿ 10 ಲಕ್ಷ ಜನರಿಗೆ ಹೆಪಟೈಟಿಸ್ ಬಿ, 20 ಲಕ್ಷ ಜನರಿಗೆ ಹೆಪಟೈಟಿಸ್ ಸಿ, 2 ಲಕ್ಷ 60 ಸಾವಿರ ಜನರಿಗೆ ಎಚ್‌ಐವಿ ಅಂಟಿತು. ಅದಾಗಿ ಕೆಲವೇ ವರ್ಷಕ್ಕೆ ನಮ್ಮ ದೇಶದಲ್ಲಿ ನಡೆದ ದೊಡ್ಡ ಅಧ್ಯಯನ, ಇಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಕೊಡ್ತಾರೆ, ಅದರಲ್ಲಿ ನೂರಕ್ಕೆ ಸುಮಾರು 63 ಅಸುರಕ್ಷಿತ ಅಂತ ಹೇಳಿತು.

2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದು ಕಾರಣ. ಆಸ್ಪತ್ರೆಯ ಕಸದಿಂದ ಹಳೇ ಸಿರಿಂಜ್ ಆಯ್ದು ಮತ್ತೆ ಮಾರಾಟಕ್ಕೆ ಬಿಡೋ ದಂಧೆ ಆಗ ಬಯಲಿಗೆ ಬಂತು. 2018ರ ಶುರುವಿನಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌನಲ್ಲಿ ಶಿಬಿರ ನಡೆಸಿದಾಗ ಒಂದೇ ಕಡೆ ಹತ್ತಾರು ಜನರಲ್ಲಿ ಎಚ್‌ಐವಿ ಕಂಡಿತು. ಸೈಕಲ್ ಮೇಲೆ ಬಂದು 10 ರೂಪಾಯಿಗೆ ಸೂಜಿ ಚುಚ್ಚುತ್ತಿದ್ದ ಒಬ್ಬ ನಕಲಿ ಡಾಕ್ಟರನ್ನ ಹಿಡಿದರು. 2019ರಲ್ಲಿ ಪಾಕಿಸ್ತಾನದ ರತೋಡೆರೋದಲ್ಲಿ ನೂರಾರು ಮಕ್ಕಳಿಗೆ ಎಚ್‌ಐವಿ ಬಂದಾಗ ಮೊದಲು ಒಬ್ಬ ಮಕ್ಕಳ ಡಾಕ್ಟರನ್ನ ಬಂಧಿಸಿದರು. ತನಿಖೆ ಮಾಡಿದಾಗ ಕಂಡದ್ದೇ ಬೇರೆ. ಸಿರಿಂಜ್ ಮರುಬಳಕೆ ಒಬ್ಬನ ಅಂಗಡಿಯದ್ದಲ್ಲ, ಆ ಭಾಗದ ಕ್ಲಿನಿಕ್‌ಗಳ ರೂಢಿಯೇ ಆಗಿತ್ತು.

ತಪ್ಪು ಮಾಡಿದವನಿಗೆ ಶಿಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. 10 ರೂಪಾಯಿ ಡಾಕ್ಟರ್ ಮಾಡಿದ್ದು ಘೋರ ತಪ್ಪು. ಆದ್ರೆ ಕೂಲಿ ಜನ ಅವನ ಹತ್ರ ಯಾಕೆ ಹೋದ್ರು? ಸರ್ಕಾರಿ ಆಸ್ಪತ್ರೆಗೆ ಹೋದ್ರೆ ಒಂದು ದಿನದ ಕೂಲಿ ಹೋಗುತ್ತೆ. ಮಾತ್ರೆ ಕೊಟ್ರೆ 'ಇವನೇನು ಡಾಕ್ಟ್ರು' ಅನ್ನೋ ಭಾವನೆ ನಮ್ಮ ಜನರಲ್ಲೇ ಇದೆ, ಒಂದು ಸೂಜಿ ಹಾಕಿದ್ರೆ ನಾಳೆ ಕೆಲಸಕ್ಕೆ ಹೋಗಬಹುದು ಅನ್ನೋ ನಂಬಿಕೆ. ಇದನ್ನ ಬದಲಾಯಿಸೋ ಜವಾಬ್ದಾರಿ ನಮ್ಮ ಸಂಘಟನೆಗಳದ್ದೂ ಹೌದು. ಪ್ರತಿ ಸಲವೂ ತಪ್ಪು ಕೊನೆಯ ಕೈಗೆ ಹೋಗುತ್ತೆ, ರೋಗ ಕೊನೆಯ ಮೈಗೆ ಹೋಗುತ್ತೆ. ನಡುವೆ ಇರೋ ಕುರ್ಚಿಗಳನ್ನ ಯಾರೂ ಕೇಳಲ್ಲ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಇದನ್ನ ಓದಿ ಯಾರೂ ಲಸಿಕೆ ಬೇಡ ಅನ್ನಬೇಡಿ. ಲಸಿಕೆ ನಮ್ಮ ಹಕ್ಕು. ನಮ್ಮ ಕೇರಿಗಳಲ್ಲಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ಧನುರ್ವಾಯುವಿನಿಂದ ಉಳಿಸಿದ್ದು ಅದೇ ಲಸಿಕೆ. ನಮ್ಮ ಜಗಳ ಸೂಜಿಯ ಜೊತೆ ಅಲ್ಲ, ಕೊಳೆ ಸೂಜಿಯ ಜೊತೆ. ಒಂದು ಸಲ ಒತ್ತಿದ್ರೆ ಮತ್ತೆ ಎಳೆಯೋಕೆ ಬಾರದ ಸಿರಿಂಜ್ ಬಂದು ದಶಕಗಳಾಯ್ತು. ಮಕ್ಕಳ ಲಸಿಕೆಗೆ ಸರ್ಕಾರ ಅದನ್ನೇ ಬಳಸುತ್ತೆ. ಉಳಿದ ಚಿಕಿತ್ಸೆಗೂ ಅಂಥದ್ದನ್ನೇ ಬಳಸಿ ಅಂತ 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಕಾನೂನೂ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಓದಿ. ಸೂಜಿಯನ್ನ ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ ಹಾಕಬೇಕು. ಬೀದಿ ಕಸಕ್ಕೆ ಬೆರೆಸೋ ಹಾಗಿಲ್ಲ. ಈ ತ್ಯಾಜ್ಯ ಮುಟ್ಟೋ ಎಲ್ಲ ಕೆಲಸಗಾರರಿಗೂ ಆಸ್ಪತ್ರೆಯವರು ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಅವಘಡ ಆದ್ರೆ ಬರೆದಿಡಬೇಕು. ಮುಲ್ಕೋವಾಲ್‌ನಲ್ಲಿ 19 ಜನರನ್ನ ಕೊಂದ ರೋಗದ ಹೆಸರು ಈ ನಿಯಮದಲ್ಲಿದೆ, ಚಿಕ್ಕಪ್ಪನನ್ನ ಕೊಂದ ರೋಗದ ಹೆಸರೂ ಇದೆ. ಆದ್ರೆ ಆಸ್ಪತ್ರೆಯ ಸೂಜಿ ಬೀದಿ ಕಸಕ್ಕೆ ಬಂದ ಮೇಲೆ ಅದನ್ನ ಎತ್ತೋ ಪೌರಕಾರ್ಮಿಕರನ್ನ ಕೇಳೋರು ಯಾರು? 'ಅವರು ನಮ್ಮ ಸಿಬ್ಬಂದಿ ಅಲ್ಲ' ಅಂತ ಆಸ್ಪತ್ರೆ, 'ಗುತ್ತಿಗೆದಾರನ ಕೇಳಿ' ಅಂತ ಕಚೇರಿ.

ಈಗ ಅಕ್ಕನ ವಿಷಯ. ಆಸ್ಪತ್ರೆಯಲ್ಲಿ ಮೊದಲು "ಸಣ್ಣ ಗಾಯ, ಟಿಟಿ ಹಾಕಿಸ್ಕೊಂಡು ಹೋಗಿ" ಅಂದ್ರು. ನಾವು ಕದಲಲಿಲ್ಲ. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆಯ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೊನೆಗೆ ರಕ್ತ ತಗೊಂಡ್ರು, ಮಾತ್ರೆ ಕೊಟ್ರು, ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಿದ್ರು. ಪ್ಯಾಕೆಟ್ ಅಕ್ಕನ ಕಣ್ಣೆದುರೇ ಹರಿದ್ರು.

ದಯವಿಟ್ಟು ಇಷ್ಟು ನೆನಪಿಡಿ. ಸೂಜಿ ಚುಚ್ಚಿದ್ರೆ ಬೆರಳು ಚೀಪಬೇಡಿ, ಹಿಂಡಬೇಡಿ. ಸೋಪು ಹಾಕಿ ಹರಿಯೋ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಎಲ್ಲೇ ಇಂಜೆಕ್ಷನ್ ಹಾಕಿಸಿಕೊಂಡ್ರೂ ಹೊಸ ಪ್ಯಾಕೆಟ್ ನಿಮ್ಮೆದುರೇ ತೆರೆಯೋಕೆ ಹೇಳಿ. ಮಾತ್ರೆಯಲ್ಲಿ ವಾಸಿ ಆಗುತ್ತಾ ಅಂತ ಕೇಳಿ. ಕೇಳೋದು ಅಹಂಕಾರ ಅಲ್ಲ.

ಮಾರನೇ ದಿನ ನಾವು ಹನ್ನೊಂದು ಜನ ಕಚೇರಿಗೆ ಹೋದ್ವಿ. ಸೂಜಿ ಗಾಯ ಬರೆಯೋ ರಿಜಿಸ್ಟರ್ ಕೊಡಿ ಅಂದ್ವಿ. ಅಂಥ ಪುಸ್ತಕ ಇಲ್ಲ ಅಂದ್ರು. ನಾನು ಎದುರಿನ ಅಂಗಡಿಯಿಂದ ಒಂದು ನೂರು ಪುಟದ ಉದ್ದ ನೋಟ್‌ಬುಕ್ ತಂದು, ಗೆರೆ ಎಳೆದು, ಕ್ರಮ ಸಂಖ್ಯೆ, ದಿನಾಂಕ, ಹೆಸರು, ವಾರ್ಡು, ಎಲ್ಲಿಯ ಕಸ, ಚಿಕಿತ್ಸೆ ಅಂತ ಕಾಲಂ ಹಾಕಿದೆ. ಇಪ್ಪತ್ತು ವರ್ಷದಿಂದ ಬೇರೆಯವರಿಗೆ ಮಾಡಿಕೊಟ್ಟ ಕೆಲಸ ಇದು, ನಮ್ಮವರಿಗೆ ಮಾಡಿದ್ದು ಇದೇ ಮೊದಲು. ಅಧಿಕಾರಿ ತುಂಬಾ ಹೊತ್ತು ನೋಡಿ, ಸೀಲ್ ಹಾಕಿ ಸಹಿ ಮಾಡಿದ್ರು.

ಕ್ರಮ ಸಂಖ್ಯೆ 1ರ ಮುಂದೆ ಅಕ್ಕ ತಾವೇ ತಮ್ಮ ಹೆಸರು ಬರೆದ್ರು. ಚುಚ್ಚಿದ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು, ಅಕ್ಷರ ಸ್ವಲ್ಪ ಸೊಟ್ಟ ಆಯ್ತು. ಪರವಾಗಿಲ್ಲ, ಓದೋಕೆ ಬರುತ್ತೆ.

ನಿಮ್ಮೂರಿನ ಕಚೇರಿಯಲ್ಲೂ ಹೋಗಿ ಆ ಪುಸ್ತಕ ಕೇಳಿ. ಇಲ್ಲ ಅಂದ್ರೆ ಒಂದು ನೋಟ್‌ಬುಕ್ ತಗೊಂಡು ಹೋಗಿ.

ಜೈ ಭೀಮ್.